ಮಳೆನೀರಿಗೆ ಬೀಗ

ನಲ್ಲಿಯಲ್ಲಿ ನೀರು ಬರುವ ದಿನಕ್ಕೆ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿ ಇಟ್ಟುಕೊಳ್ಳುತ್ತಿದ್ದ ಕಾಲ ಅದು. ತುಮಕೂರಿನ ಉಪ್ಪಾರಹಳ್ಳಿಯಲ್ಲಿ ನಮ್ಮ ಬೀದಿಗೆ ಎಂಟು ದಿನಕ್ಕೋ ಹತ್ತು ದಿನಕ್ಕೋ ಒಂದು ಸಲ ನೀರು ಬಿಡುತ್ತಿದ್ದರು. ಮೊದಲು ನಲ್ಲಿ ಸುಯ್ಯೆಂದು ಗಾಳಿ ಬಿಡುತ್ತಿತ್ತು, ಆಮೇಲೆ ತುಕ್ಕಿನ ಬಣ್ಣದ ನೀರು, ಆಮೇಲೆ ಕುಡಿಯುವ ನೀರು. ಅಷ್ಟರಲ್ಲಿ ಎಲ್ಲ ಮನೆಯ ಹೆಂಗಸರೂ ಕೊಡ ಜೋಡಿಸಿಕೊಂಡು ಕೂತಿರುತ್ತಿದ್ದರು. ಧಾರೆ ಸ್ವಲ್ಪ ಸಣ್ಣಗಾದರೆ ಸಾಕು, ಯಾರ ಮನೆಯಲ್ಲಿ ಮೋಟರು ಹಚ್ಚಿ ಎಳೆಯುತ್ತಿದ್ದಾರೆ ಎಂದು ಪಕ್ಕದ ಗೋಡೆಗೆ ಕಿವಿಗೊಡುತ್ತಿದ್ದರು. ನನ್ನ ವಯಸ್ಸಿನವರು ಇದನ್ನೆಲ್ಲ ಕಂಡಿರುತ್ತೀರಿ. ಉಪ್ಪು, ಸಕ್ಕರೆ, ಒಗ್ಗರಣೆಗೆ ಕರಿಬೇವು ಎಲ್ಲವೂ ಮನೆಯಿಂದ ಮನೆಗೆ ಓಡಾಡುತ್ತಿದ್ದ ಆ ಬೀದಿಯಲ್ಲಿ, ನೀರಿನ ವಿಷಯಕ್ಕೆ ಬಂದರೆ ಮಾತ್ರ ಯಾರೂ ಯಾರನ್ನೂ ಪೂರ್ತಿ ನಂಬುತ್ತಿರಲಿಲ್ಲ.

ನಾನು ಐದನೇ ಕ್ಲಾಸು ಮುಗಿಸಿದ್ದ ಬೇಸಿಗೆ. ಅಪ್ಪ ಗುಬ್ಬಿಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು; ದಿನಾ ರೈಲಿನಲ್ಲಿ ಹೋಗಿ ಬರುತ್ತಿದ್ದರು. ರಜ ಶುರುವಾದ ವಾರದಲ್ಲೇ ಒಂದು ಸಂಜೆ ಗ್ರಾಫ್ ಹಾಳೆ ಹರಡಿಕೊಂಡು ನಮ್ಮ ತಾರಸಿಯ ಉದ್ದ ಅಗಲ ಬರೆದು, ಏನೇನೋ ಗುಣಿಸಿ, ಅಮ್ಮನನ್ನು ಕರೆದರು.

"ನಮ್ ತಾರಸಿ ಮೇಲೆ ಬೀಳೋ ಮಳೆ ಎಲ್ಲಾ ಚರಂಡಿಗೆ ಹೋಗ್ತಿದೆ ಕಣೇ. ಹಿಡಿದಿಟ್ಕೊಂಡ್ರೆ ಕುಡಿಯೋಕೆ, ಅಡಿಗೆಗೆ ಆರು ತಿಂಗಳು ಸಾಕು."

ಅಮ್ಮ ಹಾಳೆಯನ್ನು ನೋಡಲಿಲ್ಲ, ಅಪ್ಪನ ಮುಖ ನೋಡಿದಳು. "ಮಳೆ ಬರ್ಬೇಕಲ್ಲ," ಅಂದಳು.

ಗುಬ್ಬಿಯಿಂದ ರಂಗಪ್ಪ ಮೇಸ್ತ್ರಿ ಬಂದರು. ಮನೆಯ ಮುಂದೆ, ಕಾಂಪೌಂಡಿನ ಪಕ್ಕದಲ್ಲಿ ಸಂಪು ತೋಡುವ ಕೆಲಸ ಶುರುವಾಯಿತು. ಮಳೆನೀರು ಹಿಡಿಯುವ ಸಂಪು ನಮ್ಮ ಬೀದಿಗೆ ಹೊಸದು. ಹೋಗುವವರು ಬರುವವರು ಗೇಟಿನ ಬಳಿ ನಿಂತು ಗುಂಡಿಯನ್ನು ಇಣುಕಿ ನೋಡುತ್ತಿದ್ದರು. ಆಚೆ ಮನೆಯ ರಿಟೈರ್ಡ್ ಗುಮಾಸ್ತರೊಬ್ಬರು ನಗುನಗುತ್ತಲೇ, "ಮೇನ್ ಪೈಪಿಗೆ ಸೇರಿಸ್ಕೊಳಲ್ಲ ತಾನೇ ಮೇಷ್ಟ್ರೇ?" ಎಂದು ಕೇಳಿದರು. ಅಪ್ಪ ಅವರಿಗೂ ಗ್ರಾಫ್ ಹಾಳೆ ತೋರಿಸಿದರು. ಅವರು ತಲೆಯಾಡಿಸಿ ಹೋದರು. ಮಾರನೆಯ ದಿನ ಮತ್ತೆ ಬಂದು ಇಣುಕಿದರು.

ಪಕ್ಕದ ಮನೆಯ ಜಯಕ್ಕನ ಅನುಮಾನ ಬೇರೆ. ಜಯಕ್ಕ ಬಟ್ಟೆ ಹೊಲಿಯುತ್ತಿದ್ದಳು. ಅವಳ ಗಂಡ ಬಸ್ ಡ್ರೈವರ್, ಎರಡು ದಿನಕ್ಕೊಮ್ಮೆ ಮನೆಗೆ ಬರುವವನು. ಮಗಳು ವೀಣಾ ನನ್ನ ಕ್ಲಾಸು, ನನ್ನ ಬೆಂಚು. ಎರಡು ಮನೆಗಳ ನಡುವೆ ಸೊಂಟದೆತ್ತರದ ಗೋಡೆ. ನಾವಿಬ್ಬರೂ ಗೇಟು ಬಳಸಿದ್ದೇ ಕಡಿಮೆ. ಅವರ ಅಂಗಳದಲ್ಲಿ, ಆ ಗೋಡೆಗೆ ಹತ್ತಿರದಲ್ಲೇ, ಬತ್ತಿಹೋದ ಒಂದು ಹಳೆಯ ಬಾವಿ ಇತ್ತು. ಮಕ್ಕಳು ಬಿದ್ದಾರೆಂದು ಅದಕ್ಕೆ ತಗಡು ಮುಚ್ಚಿ ಕಲ್ಲು ಹೇರಿದ್ದರು.

ಜಯಕ್ಕ ಗೋಡೆಯ ಮೇಲೆ ಮೊಣಕೈ ಊರಿ, "ಅದು ಲೆಟ್ರಿನ್ ಗುಂಡಿ ಅಲ್ವಾ ಮೇಷ್ಟ್ರೇ? ಬಾವಿ ಪಕ್ಕಕ್ಕೇ ತೆಗೆಸ್ತಿದೀರಲ್ಲ," ಅಂದಳು.

"ಕುಡಿಯೋ ನೀರಿನ ಸಂಪು ಕಣಮ್ಮ," ಅಂದರು ಅಪ್ಪ. ಅವರಿಗೆ ನೋವಾಯಿತು. "ಬತ್ತಿರೋ ಬಾವಿಗೆ ಏನಾಗುತ್ತೆ?"

"ಬತ್ತಿದ್ರೂ ಬಾವಿ ಬಾವೀನೇ," ಅಂದು ಜಯಕ್ಕ ಮೆಷಿನ್ ಮುಂದೆ ಹೋಗಿ ಕೂತಳು.

ಅಪ್ಪನೂ ಕಡಿಮೆಯವರಲ್ಲ. ರಂಗಪ್ಪ ಮೇಸ್ತ್ರಿ ಸಿಮೆಂಟು ಕಲಸುವಾಗ ಕುರ್ಚಿ ಹಾಕಿಕೊಂಡು ಎದುರಿಗೇ ಕೂರುತ್ತಿದ್ದರು. ಒಂದು ಬಾಂಡಲಿ ಸಿಮೆಂಟಿಗೆ ಎಷ್ಟು ಬಾಂಡಲಿ ಮರಳು ಬಿತ್ತು ಎಂದು ಬೆರಳು ಮಡಚುತ್ತಿದ್ದರು. ಮೇಸ್ತ್ರಿ ಕಂಡೂ ಕಾಣದವರಂತೆ ಕೆಲಸ ಮಾಡಿದರು. ಒಳಗೋಡೆಗೆ ಗಾರೆ ಮುಗಿದ ದಿನ ಕೈ ತೊಳೆದುಕೊಳ್ಳುತ್ತಾ, "ಏಳು ದಿನ ಗೋಡೆ ಒಣಗ್ದಂಗೆ ನೀರು ಹೊಡೀರಿ ಸಾರ್," ಅಂದು ಹೋದರು.

ಮಿಕ್ಕ ಕೆಲಸ ನಮ್ಮದು. ತಾರಸಿಯಿಂದ ಇಳಿಯುವ ದಪ್ಪ ಪೈಪಿನ ಬುಡಕ್ಕೆ ನೀಲಿ ಡ್ರಮ್ಮು; ಅದರೊಳಗೆ ಜಲ್ಲಿ, ಮರಳು, ಇದ್ದಿಲು ಪದರ ಪದರವಾಗಿ ತುಂಬಬೇಕು. ಇದ್ದಿಲು ಕುಟ್ಟುವುದು ನನಗೂ ವೀಣಾಗೂ ಬಿದ್ದ ಕೆಲಸ. ಒಬ್ಬರ ಮುಖಕ್ಕೆ ಒಬ್ಬರು ಮೀಸೆ ಬರೆದುಕೊಂಡು, ಬಾಯಲ್ಲಿ ಕಡ್ಲೆಪುರಿ ಹಾಕಿಕೊಂಡು, ಎರಡು ಮಧ್ಯಾಹ್ನ ಕುಟ್ಟಿದೆವು. ಪುರಿಯಲ್ಲೂ ಇದ್ದಿಲಿನ ರುಚಿ ಬರುತ್ತಿತ್ತು. ಸಂಪಿನ ಮೇಲೆ ಚಪ್ಪಡಿ ಹಾಸಿದ ಮೇಲೆ ಅದರ ಮೇಲೆಯೇ ಸೀಮೆಸುಣ್ಣದಲ್ಲಿ ಗೆರೆ ಎಳೆದು ಕುಂಟೆಬಿಲ್ಲೆ ಆಡಿದೆವು. ಟೊಳ್ಳು ನೆಲದ ಮೇಲೆ ಕುಂಟಿದರೆ ಧಬ್ ಧಬ್ ಎಂದು ಒಳಗಿನಿಂದ ಸದ್ದು ಬರುವುದು ನಮಗೆ ಬಹಳ ಇಷ್ಟವಾಗಿತ್ತು.

ಕುಣಿಗಲ್ ಕಡೆಯ ಊರಿನಿಂದ ಅಜ್ಜಿ, ಅಪ್ಪನ ತಾಯಿ, ಒಂದು ಹಲಸಿನ ಹಣ್ಣು ಹೊರಿಸಿಕೊಂಡು ಬಂದಿಳಿದಳು. ಡ್ರಮ್ಮನ್ನೂ ಪೈಪನ್ನೂ ಒಂದು ಸುತ್ತು ಬಂದು ನೋಡಿ, "ಕಾಗೆ ಪಾರಿವಾಳ ಕೂರೋ ಜಾಗದ್ ನೀರು ಕುಡಿಸ್ತೀಯೇನ್ಲಾ? ಬುಡು, ನಂಗೆ ಬ್ಯಾಡ," ಎಂದು ತನ್ನ ಹಿತ್ತಾಳೆ ಚೊಂಬಿನಲ್ಲಿ ನಲ್ಲಿ ನೀರು ತುಂಬಿಸಿ ಮಂಚದ ಕೆಳಗೆ ಇಟ್ಟುಕೊಂಡಳು.

ರೋಹಿಣಿ ಮಳೆ ಆ ವರ್ಷ ಕೈಕೊಡಲಿಲ್ಲ. ಮಧ್ಯಾಹ್ನ ನಾಲ್ಕರ ಹೊತ್ತಿಗೆ ಕಪ್ಪಾಗಿ, ಕಾದ ತಾರಸಿಯ ಮೇಲೆ ಮೊದಲ ಹನಿ ಬಿದ್ದು ಸುಣ್ಣ, ಧೂಳು, ಬಿಸಿ ಕಲ್ಲು ಎಲ್ಲ ಸೇರಿದ ವಾಸನೆ ಎದ್ದಿತು. ಮೊದಲ ನೀರು ತಾರಸಿ ತೊಳೆದ ನೀರೆಂದು ಅಪ್ಪ ಪೈಪಿನ ಬುಡದ ಮುಚ್ಚಳ ತೆಗೆದು ಹೊರಕ್ಕೆ ಬಿಟ್ಟರು. ಎಲೆ, ಪುಕ್ಕ, ಕಂದು ನೀರು ಹರಿದುಹೋಯಿತು. ನೀರು ತಿಳಿಯಾದ ಮೇಲೆ ಮುಚ್ಚಳ ತಿರುಗಿಸಿ, ಒದ್ದೆಯಾಗಿ ನಿಂತು, ಸಂಪಿನೊಳಗೆ ಧುಮುಕುವ ಸದ್ದನ್ನು ಕೇಳಿಸಿಕೊಂಡರು. ಮೂರು ಮಳೆಗೆ ಸಂಪು ಕಂಠದ ತನಕ ತುಂಬಿತು.

ಆ ನೀರಿನಲ್ಲಿ ತೊಗರಿಬೇಳೆ ಬೆಣ್ಣೆಯ ಹಾಗೆ ಬೆಂದಿತು. ಕಾಫಿಗೆ ಬೇರೆಯೇ ಘಮ ಬಂತು. ಎರಡು ದಿನ ಅಜ್ಜಿ ಚೊಂಬು ಬಿಡಲಿಲ್ಲ. ಮೂರನೆಯ ದಿನ ಅವಳೇ ಅಡಿಗೆಮನೆಗೆ ಹೋಗಿ, ಯಾರೂ ಇಲ್ಲವೆಂದುಕೊಂಡು, ಮಳೆನೀರಿನ ಬಿಂದಿಗೆಯಿಂದ ಒಂದು ಲೋಟ ಬಗ್ಗಿಸಿ, ಮೂಸಿ, ಕುಡಿದಳು. ನನ್ನನ್ನು ಕಂಡು, "ಕಾಯ್ಸಿದ್ರೆ ಪರವಾಗಿಲ್ಲ," ಅಂದಳು. ಅದು ಕಾಯಿಸಿದ ನೀರಲ್ಲ.

ಅಪ್ಪ ಒಂದು ಮರದ ಪಟ್ಟಿಗೆ ಬೆರಳಗಲಕ್ಕೊಂದರಂತೆ ಗೆರೆ ಕೊರೆದು ಅಳತೆ ಕೋಲು ಮಾಡಿದರು. ದಿನಾ ಶಾಲೆಯಿಂದ ಬಂದ ಮೇಲೆ ಕೋಲು ಇಳಿಬಿಟ್ಟು, ಒದ್ದೆಯಾದ ಗೆರೆ ಎಣಿಸಿ, ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆಯುವುದು ನನ್ನ ಜವಾಬ್ದಾರಿ. ಆ ಹಾಳೆಯಿಂದಲೇ ಎಲ್ಲವೂ ಶುರುವಾಯಿತು. ನಾವು ಬಳಸುತ್ತಿದ್ದುದು ದಿನಕ್ಕೆ ಅರ್ಧ ಗೆರೆಯಷ್ಟು. ಸಂಪು ಇಳಿಯುತ್ತಿದ್ದುದು ಒಂದೂವರೆ ಗೆರೆ.

"ಒಂದು ಗೆರೆ ಅಂದ್ರೆ ಆರು ಕೊಡ," ಅಂದರು ಅಪ್ಪ. "ದಿನಾ ಆರು ಕೊಡ ಎಲ್ಲಿಗೆ ಹೋಗ್ತಿದೆ?"

ಮೊದಲು ಅಮ್ಮನನ್ನು ಕೇಳಿದರು. ಅವಳು ಬಟ್ಟೆಗೂ ಇದೇ ನೀರು ಹಾಕುತ್ತಿದ್ದಾಳೇನೋ ಎಂದು. ಅಮ್ಮ ಎರಡು ದಿನ ಮಾತು ಬಿಟ್ಟಳು. ಆಮೇಲೆ ನನ್ನನ್ನು ಕೇಳಿದರು. ನಾನೂ ವೀಣಾನೂ ಮುಚ್ಚಳ ತೆಗೆದು ಆಟ ಆಡಿದೆವೇ, ಕೋಲು ನೆಟ್ಟಗೆ ಇಳಿಸುತ್ತಿದ್ದೇನೆಯೇ, ಸುಳ್ಳು ಬರೆಯುತ್ತಿದ್ದೇನೆಯೇ. ನನಗೆ ಅಳು ಬಂತು. ಆ ಹೊತ್ತಿಗೆ ಅಮ್ಮನೇ ಮಾತು ಆಡಿ, "ಪಕ್ಕದ ಮನೆ ಕನಕಾಂಬರ ನೋಡಿದ್ರಾ? ನಲ್ಲಿ ನೀರು ಬಂದು ಎಂಟು ದಿನ ಆಯ್ತು. ಗಿಡ ನಳನಳ ಅಂತಿದೆ. ನಿನ್ನೆ ರಗ್ಗೆಲ್ಲಾ ಒಗೆದು ಹರವಿದ್ಲು," ಅಂದಳು.

ಅಲ್ಲಿಂದ ಮುಂದೆ ನಮ್ಮ ಮನೆಯವರ ಕಣ್ಣೆಲ್ಲ ಆ ಗೋಡೆಯ ಮೇಲೆ. ಜಯಕ್ಕನ ಒದ್ದೆ ಸೆರಗು, ಬಾಗಿಲ ಮುಂದಿನ ದೊಡ್ಡ ರಂಗೋಲಿ, ಹಿತ್ತಲಿನಿಂದ ಬರುವ ಬಕೆಟ್ಟಿನ ಸದ್ದು, ಎಲ್ಲಕ್ಕೂ ಅರ್ಥ ಬಂತು. ಅಮ್ಮ ಮಧ್ಯಾಹ್ನದ ನಿದ್ದೆ ಬಿಟ್ಟು ಕಿಟಕಿಯ ಬಳಿ ಸೊಪ್ಪು ಸೋಸುತ್ತಾ ಕೂರತೊಡಗಿದಳು. ಜಯಕ್ಕನಿಗೂ ಇದು ತಿಳಿಯಿತೋ ಏನೋ, ಅವಳೂ ನಮ್ಮ ಕಡೆ ನೋಡುವುದನ್ನು ಕಡಿಮೆ ಮಾಡಿದಳು. ಅದೂ ಅನುಮಾನಕ್ಕೆ ಕಾರಣವಾಯಿತು.

ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿ ಬಂದೆ. ಅಮ್ಮ, ಅಜ್ಜಿ ಇಬ್ಬರೂ ರೇಷನ್ ಅಂಗಡಿಗೆ ಹೋಗಿದ್ದರು. ನಮ್ಮ ಅಂಗಳದಲ್ಲಿ ಜಯಕ್ಕ ಇದ್ದಳು. ಸಂಪಿನ ಮುಚ್ಚಳದ ಪಕ್ಕ ಬಗ್ಗಿದ್ದಳು. ನನ್ನನ್ನು ನೋಡಿ ಎದ್ದು, "ಬ್ಲೌಸ್ ಪೀಸು ಗಾಳಿಗೆ ಹಾರಿ ಬಂತು ಕಣೇ ಸುಧಿ," ಎಂದು ಕೈಯಲ್ಲಿದ್ದ ಕೆಂಪು ಬಟ್ಟೆ ತೋರಿಸಿ, ಗೋಡೆ ದಾಟಿ ಹೋದಳು. ನಾನು ಕಂಡಿದ್ದು ಇಷ್ಟೇ.

ಆ ದಿನ ಶಾಲೆಯಲ್ಲಿ ನನಗೂ ವೀಣಾಗೂ ಜಗಳವಾಗಿತ್ತು. ನನ್ನ ಬಿಲ್ಲೆ ಗೆರೆಯ ಮೇಲೆ ಬಿದ್ದಿತೆಂದು ಅವಳು ಎಲ್ಲರ ಮುಂದೆ ಹೇಳಿದ್ದಳು. ಅದೂ ಇತ್ತು, ಅಪ್ಪನ ಕಣ್ಣು ನನ್ನ ಮೇಲಿಂದ ತಪ್ಪಿದರೆ ಸಾಕು ಅನ್ನುವುದೂ ಇತ್ತು. ಸಂಜೆ ಅಪ್ಪ ನೋಟ್‌ಬುಕ್ ನೋಡುತ್ತಾ ಕೂತಿದ್ದಾಗ, "ಜಯಕ್ಕ ಬಂದಿದ್ರು, ಸಂಪಿನ ಹತ್ರ," ಅಂದೆ.

ಅಪ್ಪ ತಲೆಯೆತ್ತಿದರು. "ಕೈಯಲ್ಲಿ ಏನಿತ್ತು?"

ಬಟ್ಟೆ ಅನ್ನಬೇಕಿತ್ತು. "ಕೊಡ," ಅಂದೆ.

ಅಪ್ಪ ಜಗಳವಾಡುವ ಜಾತಿಯವರಲ್ಲ. ಮಾರನೆಯ ದಿನ ಭಾನುವಾರ. ಸಂಪಿನ ಕಬ್ಬಿಣದ ಮುಚ್ಚಳಕ್ಕೆ ಚಿಲಕ ಹಾಕಿಸಿ, ದೊಡ್ಡ ಬೀಗ ಜಡಿದರು. ಅಜ್ಜಿ ಬಾಗಿಲಲ್ಲಿ ನಿಂತು, "ನೀರಿಗೆ ಬೀಗ ಹಾಕಿದ್ದು ನಾನೆಲ್ಲೂ ನೋಡಿಲ್ಲ ಕಣಪ್ಪ," ಅಂದಳು. ಅಪ್ಪ ಸುತ್ತಿಗೆಯಿಂದ ಚಿಲಕಕ್ಕೆ ಇನ್ನೆರಡು ಏಟು ಹಾಕಿದರು.

ಸುತ್ತಿಗೆಯ ಸದ್ದಿಗೆ ಜಯಕ್ಕ ಗೋಡೆಯ ಬಳಿ ಬಂದಳು. ಹಿಂದೆ ವೀಣಾ. "ಬೀಗ ಯಾರಿಗೆ ಮೇಷ್ಟ್ರೇ?"

"ಯಾರಿಗೂ ಅಲ್ಲ. ಸೇಫ್ಟಿಗೆ," ಅಂದರು ಅಪ್ಪ.

ಅಮ್ಮನಿಗೆ ತಡೆಯಲಾಗಲಿಲ್ಲ. "ನಮ್ ಮಗು ಕಣ್ಣಾರೆ ನೋಡಿದೆ ಜಯಾ. ಕೇಳಿದ್ರೆ ಕೊಡ್ತಿರ್ಲಿಲ್ವಾ ನಾವು? ಕೇಳ್ದೆ ತಗೊಳೋದು ಯಾಕೆ?"

ಜಯಕ್ಕ ಅಮ್ಮನನ್ನಾಗಲಿ ಅಪ್ಪನನ್ನಾಗಲಿ ನೋಡಲಿಲ್ಲ. "ಏನ್ ನೋಡ್ದೆ ಸುಧಿ?" ಎಂದು ನನ್ನನ್ನು ಕೇಳಿದಳು. ಕೋಪವೇನೂ ಇರಲಿಲ್ಲ ಆ ದನಿಯಲ್ಲಿ. ನಾನು ನೆಲ ನೋಡಿದೆ. ಅವಳು ಆಮೇಲೆ ಅಮ್ಮನ ಕಡೆ ತಿರುಗಿ, "ನಿಮ್ ನೀರು ನಂಗ್ಯಾಕಕ್ಕಾ," ಅಂದು ಒಳಗೆ ಹೋದಳು.

ವೀಣಾ ಮಾತ್ರ ಅಲ್ಲೇ ನಿಂತಳು. "ನೀನು ಕೊಡ ನೋಡಿದ್ಯೇನೇ?" ಅಂದಳು. ನಾನು ಒಳಗೆ ಓಡಿದೆ. ಸೋಮವಾರ ಅವಳು ಬೇರೆ ಬೆಂಚಿನಲ್ಲಿ ಕೂತಿದ್ದಳು.

ಬೀಗ ಹಾಕಿದ ಆರನೆಯ ದಿನಕ್ಕೆ ಸಂಪು ವಿಪರೀತ ಇಳಿಯುವುದು ನಿಂತಿತು. ನಾವು ಬಳಸುವಷ್ಟು ಅರ್ಧ ಗೆರೆ ಮಾತ್ರ ಇಳಿಯುತ್ತಿತ್ತು. ಅಪ್ಪ ನೋಟ್‌ಬುಕ್ಕನ್ನು ಅಮ್ಮನ ಮುಂದೆ ಹಿಡಿದು, "ನೋಡು, ಇನ್ನೇನು ಸಾಕ್ಷಿ ಬೇಕು?" ಅಂದರು. ಅಮ್ಮ ಆ ಸಾಕ್ಷಿಯನ್ನು ಬೀದಿಯ ಎರಡು ಮೂರು ಮನೆಗಳಿಗೆ ತಲುಪಿಸಿದಳು. ಜಯಕ್ಕನಿಗೆ ಹೊಲಿಯಲು ಕೊಡುತ್ತಿದ್ದ ಒಂದಿಬ್ಬರು ಬೇರೆ ಕಡೆ ಕೊಡತೊಡಗಿದರು. ವಿಚಿತ್ರವೆಂದರೆ ನನಗೂ ಆಗ ನಂಬಿಕೆ ಬಂದುಬಿಟ್ಟಿತು. ಆ ದಿನ ಅವಳ ಕೈಯಲ್ಲಿ ಬಟ್ಟೆಯ ಜೊತೆ ಕೊಡವೂ ಇದ್ದಿರಬೇಕು, ನನಗೇ ಸರಿಯಾಗಿ ಕಂಡಿಲ್ಲ ಎಂದು ಎಷ್ಟೋ ಸಲ ಹೇಳಿಕೊಂಡೆ. ಹೇಳಿಕೊಳ್ಳುತ್ತಾ ಹೇಳಿಕೊಳ್ಳುತ್ತಾ ಆ ಕೊಡದ ಬಣ್ಣವೂ ಕಾಣಿಸತೊಡಗಿತ್ತು.

ಜುಲೈ ಮುಗಿಯುವಾಗ ಒಂದು ದೊಡ್ಡ ಮಳೆ ಬಂತು. ಸಂಪು ಮತ್ತೆ ತುಂಬಿತು. ಬೀಗದ ಕೈ ಭದ್ರವಾಗಿ ಅಮ್ಮನ ಸೊಂಟದಲ್ಲಿತ್ತು. ಆದರೂ ಮಾರನೆಯ ದಿನ ಕೋಲು ಒಂದೂವರೆ ಗೆರೆ ಇಳಿದಿತ್ತು. ಅದರ ಮಾರನೆಯ ದಿನವೂ ಒಂದೂವರೆ. ನಾನು ಬರೆಯುತ್ತಾ ಹೋದೆ. ಅಪ್ಪ ದಿನಾ ನೋಡುತ್ತಿದ್ದರು. ಕೆಲವು ವಾರಗಳ ಮೇಲೆ, ನೀರು ಹಿಂದೆ ನಿಂತಿದ್ದ ಗೆರೆಗೇ ಬಂದಾಗ ಆ ವಿಪರೀತ ಇಳಿತ ಮತ್ತೆ ನಿಂತಿತು. ಆ ಸಂಜೆ ಅಪ್ಪ ಜೂನ್ ತಿಂಗಳ ಹಾಳೆಯನ್ನೂ ಈ ಹಾಳೆಯನ್ನೂ ಪಕ್ಕ ಪಕ್ಕ ಇಟ್ಟುಕೊಂಡು ಕೂತರು. ಕಾಫಿ ಆರಿಹೋಯಿತು.

"ಸಂಪಿನ ಗೋಡೆ ಆ ಗೆರೆ ಹತ್ರ ಬಿರುಕು ಬಿಟ್ಟಿದೆ," ಅಂದರು ಕೊನೆಗೆ. "ಅದಕ್ಕಿಂತ ಮೇಲಿರೋ ನೀರೆಲ್ಲ ಸೋರಿ ಹೋಗುತ್ತೆ. ಅಲ್ಲಿಗೆ ಇಳಿದ್ರೆ ನಿಲ್ಲುತ್ತೆ. ಬೀಗಕ್ಕೂ ಅದಕ್ಕೂ ಸಂಬಂಧ ಇಲ್ಲ."

ಅಮ್ಮ ಒಲೆಯ ಮುಂದಿನಿಂದ ಎದ್ದು ಬರಲಿಲ್ಲ.

ರಂಗಪ್ಪ ಮೇಸ್ತ್ರಿಯನ್ನು ಕರೆಸಿದರು. ಸಿಮೆಂಟು ಕದ್ದಿದ್ದೀಯೆಂದು ಹೇಳಲು ಅಪ್ಪ ಮಾತು ಜೋಡಿಸಿಕೊಂಡು ಸಿದ್ಧವಾಗಿದ್ದರು. ಮೇಸ್ತ್ರಿ ಟಾರ್ಚು ಹಿಡಿದು ಸಂಪಿನೊಳಗೆ ಇಳಿದು, ಜಯಕ್ಕನ ಮನೆ ಕಡೆಯ ಗೋಡೆಯಲ್ಲಿ ಕೂದಲೆಳೆಯಂಥ ಬಿರುಕು ತೋರಿಸಿ, ಮೇಲೆ ಹತ್ತಿ ಬಂದು ಒಂದೇ ಮಾತು ಕೇಳಿದರು. "ಎಷ್ಟು ದಿನ ನೀರು ಹೊಡೆದ್ರಿ ಸಾರ್?"

ಅಪ್ಪ ಅಮ್ಮನನ್ನು ನೋಡಿದರು, ಅಮ್ಮ ಅಪ್ಪನನ್ನು. ಎರಡು ದಿನ ಹೊಡೆದಿದ್ದೆವು. ಆಮೇಲೆ ನಲ್ಲಿ ಬಂದಿರಲಿಲ್ಲ. ಗೋಡೆಗೆ ಯಾಕೆ ಸುಮ್ಮನೆ ನೀರು ಸುರಿಯುವುದೆಂದು ಉಳಿಸಿಕೊಂಡಿದ್ದೆವು.

ಅಪ್ಪ ಚಪ್ಪಲಿ ಹಾಕಿಕೊಂಡು ಜಯಕ್ಕನ ಮನೆಗೆ ಹೊರಟರು. ಗೋಡೆ ದಾಟಲಿಲ್ಲ, ಗೇಟಿನಿಂದ ಹೋದರು. ನಾನು ಹಿಂದೆಯೇ ಹೋದೆ. "ಒಂದ್ ನಿಮಿಷ ಬಾವಿ ನೋಡ್ಬೋದೇನಮ್ಮ?" ಅಂದರು. ಜಯಕ್ಕ ಮೆಷಿನ್ ನಿಲ್ಲಿಸಿ ಬಂದು ಕಲ್ಲು ಎತ್ತಿಟ್ಟು, ತಗಡು ಸರಿಸಿದಳು. ಒಳಗಿನಿಂದ ತಂಪು ಗಾಳಿ ಬಂತು. ಕೆಳಗೆ ನೀರು. ನಮ್ಮಿಬ್ಬರ ತಲೆಗಳು ಅದರಲ್ಲಿ ಕಂಡವು.

"ರೋಹಿಣಿ ಮಳೆ ಆದ್ಮೇಲಿಂದ ಇದೆ," ಅಂದಳು ಜಯಕ್ಕ. "ಮೊದ್ಲು ನಿಮ್ ಗುಂಡಿ ಕೊಳಕು ಅನ್ಕೊಂಡೆ. ಮೂಸಿ ನೋಡ್ದೆ, ವಾಸ್ನೆ ಇರ್ಲಿಲ್ಲ. ಬಟ್ಟೆಗೆ, ಗಿಡಕ್ಕೆ ಹಾಕ್ದೆ. ಯಾರಿಗೂ ಹೇಳ್ಲಿಲ್ಲ. ಬಾವೀಲಿ ನೀರಿದೆ ಅಂದ್ರೆ ಬೀದಿ ಜನವೆಲ್ಲಾ ಕೊಡ ಹಿಡ್ಕೊಂಡು ಬಾಗಿಲಿಗೆ ಬರ್ತಾರೆ. ನೀವು ಬೀಗ ಹಾಕಿದ್ಮೇಲೆ ಇಳಿಯೋಕೆ ಶುರುವಾಯ್ತು. ಮೇಷ್ಟ್ರು ಓದಿದೋರು, ಏನೋ ಮಾಡಿದ್ರು ಅನ್ಕೊಂಡೆ."

"ಅವತ್ತೇ ಬಾವಿ ತೋರಿಸ್ಬೋದಿತ್ತಲ್ಲಮ್ಮ."

"ತೋರ್ಸಿದ್ರೆ ಇದೂ ನಮ್ದೇ ನೀರು ಅಂತಿದ್ರಿ."

ಅಪ್ಪ ತಗಡು ಎಳೆದು ಬಾವಿ ಮುಚ್ಚಿದರು. ಅದು ನಮ್ಮ ನೀರೇ ಆಗಿತ್ತು.

ವಾಪಸು ಬರುವಾಗ ಗೇಟಿನ ಬಳಿ ಅಪ್ಪ ನಿಂತು, "ಕೊಡ ನೋಡಿದ್ದು ನಿಜಾನಾ ಸುಧಾ?" ಎಂದರು. ಇಲ್ಲವೆಂದು ತಲೆಯಾಡಿಸಿದೆ. ಅಪ್ಪ ಹೊಡೆಯಲಿಲ್ಲ. ಕೈ ಎತ್ತಿದ್ದರೆ ವಾಸಿಯಿತ್ತು ಅನ್ನಿಸುವಷ್ಟು ಹೊತ್ತು ನನ್ನನ್ನು ನೋಡಿ, "ಹೋಗಿ ಅವ್ರಿಗೇ ಹೇಳು," ಅಂದರು.

ಹೋದೆ. ಮೆಷಿನ್ ಪಕ್ಕದಲ್ಲಿ ನಿಂತು ಹೇಳಿದೆ. ಎಣ್ಣೆ, ಹೊಸ ಬಟ್ಟೆಯ ಗಂಜಿ, ಎರಡೂ ಸೇರಿದ ವಾಸನೆ ಆ ಜಗಲಿಗೆ. ಜಯಕ್ಕ ಸೂಜಿಗೆ ದಾರ ಪೋಣಿಸುತ್ತಿದ್ದವಳು ಪೋಣಿಸಿ ಮುಗಿಸಿದಳು. "ನೀನ್ ಹೇಳಿದ್ದಕ್ಕೆ ನಂಗೆ ಅಷ್ಟು ಬೇಜಾರಿಲ್ಲ ಸುಧಿ. ನೀನು ಮಗು. ಇಷ್ಟು ವರ್ಷ ಪಕ್ಕದಲ್ಲಿದ್ದೂ ದೊಡ್ಡೋರು ನನ್ನ ಒಂದ್ ಮಾತು ಕೇಳ್ದೆ ನಂಬಿದ್ರಲ್ಲ," ಅಂದಳು. ಆಮೇಲೆ ಮೆಷಿನ್ ತುಳಿಯತೊಡಗಿದಳು. ವೀಣಾ ಒಳಬಾಗಿಲಲ್ಲಿ ಹೋಂವರ್ಕ್ ಮಾಡುತ್ತಾ ಕೂತಿದ್ದಳು. ಬರೆಯುವುದನ್ನು ನಿಲ್ಲಿಸಲಿಲ್ಲ.

ಬಿರುಕು ಮುಚ್ಚಿದರು. ಈ ಸಲ ಏಳು ದಿನವೂ ನೀರು ಹೊಡೆದೆವು. ಅಮ್ಮ ಬೀಗ ತೆಗೆದಿಟ್ಟಳು. ಮಾತು ಮುಟ್ಟಿಸಿದ್ದ ಮನೆಗಳಿಗೆ ಮತ್ತೆ ಹೋಗಿ ನಿಜ ಹೇಳಿ ಬಂದಳು. ಅವರು ಹೌದಾ ಹೌದಾ ಅಂದರಂತೆ. ಆದರೆ ಹೊಲಿಯಲು ಕೊಡುವುದನ್ನು ಬೇರೆ ಕಡೆಯೇ ಮುಂದುವರಿಸಿದರು. ಸಂಪು ಭದ್ರವಾದ ಮೇಲೆ ಜಯಕ್ಕನ ಬಾವಿ ಒಂದು ತಿಂಗಳಿಗೆ ಬತ್ತಿತು. ಕನಕಾಂಬರ ಒಣಗುವುದನ್ನು ಅಪ್ಪ ದಿನಾ ರೈಲಿಗೆ ಹೋಗುವಾಗ ನೋಡುತ್ತಿದ್ದರು. ಒಂದು ದಿನ ಅವರೇ ಹೋಗಿ, ಸಂಪು ತುಂಬಿ ಹೆಚ್ಚಾದ ನೀರನ್ನು ಪೈಪ್ ಹಾಕಿ ಅವಳ ಬಾವಿಗೇ ಬಿಡುತ್ತೇನೆಂದರು.

"ಬೇಡ ಮೇಷ್ಟ್ರೇ," ಅಂದಳು ಜಯಕ್ಕ. "ನಾಳೆ ಮತ್ತೆ ಗೆರೆ ಎಣಿಸ್ತೀರಾ."

ಮುಂದಿನ ವರ್ಷ ಅವಳ ಗಂಡನಿಗೆ ಡ್ಯೂಟಿ ಗುಬ್ಬಿಗೆ ಬದಲಾಯಿತು. ಅವರು ಸಾಮಾನು ತುಂಬಿಕೊಂಡು ಹೋದಾಗ ನಾನು ಶಾಲೆಯಲ್ಲಿದ್ದೆ. ವೀಣಾ ಆ ದಿನ ಬರುವುದಿಲ್ಲವೆಂದು ಮೇಡಂಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಈಗ ಅದೇ ಬೀದಿಯಲ್ಲಿ ಮನೆಗೊಂದು ಬೋರು. ಹೊಸದಾಗಿ ಕಟ್ಟಿದ ಎಲ್ಲ ಮನೆಗೂ ಮಳೆನೀರಿನ ಪೈಪು ಇದೆ, ಪ್ಲಾನ್ ಪಾಸಾಗಲು ಬೇಕಲ್ಲ; ಅದರ ಇನ್ನೊಂದು ತುದಿ ಚರಂಡಿಯಲ್ಲಿರುವುದನ್ನು ಯಾರೂ ಬಗ್ಗಿ ನೋಡುವುದಿಲ್ಲ. ಪಕ್ಕದಲ್ಲಿ ಮೂರಂತಸ್ತು ಎದ್ದಿದೆ. ಬಾವಿ ಮುಚ್ಚಿ ಅದರ ಮೇಲೆ ಕಾರು ನಿಲ್ಲಿಸುತ್ತಾರೆ. ನಡುವಿನ ಗೋಡೆ ನನ್ನ ತಲೆಗಿಂತ ಎತ್ತರ, ಮೇಲೆ ಎರಡು ಮನೆಯ ಕ್ಯಾಮೆರಾಗಳೂ ಇವೆ. ಆ ಮನೆಯ ಮಗುವಿನ ಹೆಸರು ನನಗೆ ತಿಳಿಯದು.

ಹೋದ ವರ್ಷ ಗುಬ್ಬಿಯ ಒಂದು ಛತ್ರದಲ್ಲಿ, ಮದುವೆಯೊಂದರ ಊಟದ ಸಾಲಿನಲ್ಲಿ, ವೀಣಾ ಸಿಕ್ಕಳು. ನಾನೇ ಗುರುತು ಹಿಡಿದೆ. ಅಲ್ಲೇ ಬಿದರೆಹಳ್ಳಿ ಕಾವಲ್ ಹತ್ತಿರ ಮನೆ ಕಟ್ಟಿಸಿದ್ದಾಳಂತೆ, ಇಬ್ಬರು ಮಕ್ಕಳಂತೆ. ಅಮ್ಮ ಹೇಗಿದ್ದಾರೆ ಎಂದೆ. ಚೆನ್ನಾಗಿದ್ದಾರೆ, ಕಣ್ಣು ಸರಿಯಾಗಿ ಕಾಣಲ್ಲ, ಹೊಲಿಯೋದು ಬಿಟ್ಟಿದ್ದಾರೆ ಎಂದಳು. ಹಳೆಯದನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನಗುತ್ತಲೇ ಮಾತಾಡಿದಳು. ಮೊಬೈಲಿನಲ್ಲಿ ಮಕ್ಕಳ ಫೋಟೋ ತೋರಿಸಿದಳು. ಎಲೆ ಹಾಕುತ್ತಿದ್ದವರು ಕರೆದಾಗ, "ನೀವು ಕೂತ್ಕೊಳ್ಳಿ, ನಾನು ಆಮೇಲೆ ಊಟ ಮಾಡ್ತೀನಿ. ಒಂದ್ಸಲ ಮನೆ ಕಡೆ ಬನ್ನಿ," ಅಂದಳು.

ಅವಳ ಬಾಯಲ್ಲಿ ನಾನು 'ನೀವು' ಆಗಿದ್ದೆ. ಏನೇ, ಯಾಕೇ ಹೀಗೆ ಮಾತಾಡ್ತೀಯಾ ಎಂದು ಕೇಳುವಷ್ಟು ಸಲಿಗೆ ನನ್ನಲ್ಲಿ ಉಳಿದಿರಲಿಲ್ಲ.

"ಖಂಡಿತ ಬರ್ತೀನಿ ವೀಣಾ ಅವ್ರೇ," ಅಂದೆ.